ರೋಗಿಯ ಮಾತು ತಿಳಿಯದ ವೈದ್ಯ

ಪ್ರತಿವರ್ಷ ನೀಟ್ ಪರೀಕ್ಷೆಯ ಫಲಿತಾಂಶ ಪ್ರಕಟವಾದ ಕೆಲವೇ ವಾರಗಳಲ್ಲಿ ನಮ್ಮ ಮಸೀದಿಯ ಅಂಗಳಕ್ಕೆ ಒಂದು ಬಗೆಯ ಅತಿಥಿಗಳು ಬರತೊಡಗುತ್ತಾರೆ. ಮಗ್ರಿಬ್ ನಮಾಝ್ ಮುಗಿದ ಮೇಲೆ ತಂದೆ ಮುಂದೆ, ಮಗ ಹಿಂದೆ. “ಹಜ್ರತ್, ಹುಡುಗನ್ನ ಡಾಕ್ಟರಿ ಓದಾಕ ಸಮರ್‌ಕಂದಕ್ಕ ಕಳಸಾಕತ್ತೀವಿ, ದುಆ ಮಾಡ್ರಿ” ಎಂಬ ಬಿನ್ನಹ. ಕೆಲವೊಮ್ಮೆ ಸಮರ್‌ಕಂದದ ಬದಲು ಬಿಶ್ಕೆಕ್, ಕೆಲವೊಮ್ಮೆ ಚೀನಾದ ಯಾವುದೋ ನಗರ. ನಾವು ಹುಡುಗನ ತಲೆಯ ಮೇಲೆ ಕೈಯಿಟ್ಟು ದುಆ ಮಾಡುತ್ತೇವೆ. ನಮಾಝ್ ಬಿಡಬೇಡ, ಹಲಾಲ್ ಆಹಾರವನ್ನೇ ಸೇವಿಸು, ಕೆಟ್ಟ ಸಹವಾಸಕ್ಕೆ ಬೀಳಬೇಡ, ತಾಯಿಗೆ ದಿನವೂ ಫೋನ್ ಮಾಡು ಎಂದು ಹೇಳಿ ಕಳುಹಿಸುತ್ತೇವೆ. ಈ ಬುದ್ಧಿಮಾತುಗಳಲ್ಲಿ ಯಾವುದೂ ತಪ್ಪಲ್ಲ. ಆದರೆ ಹೇಳಲೇಬೇಕಾಗಿದ್ದ ಒಂದು ಮಾತನ್ನು ಇಷ್ಟು ವರ್ಷ ನಾವು ಯಾರಿಗೂ ಹೇಳಿರಲಿಲ್ಲ. ಅದನ್ನು ನಮಗೆ ಕಲಿಸಿದವನು ನಮ್ಮಿಂದಲೇ ದುಆ ಪಡೆದು ಹೋಗಿದ್ದ ಒಬ್ಬ ವಿದ್ಯಾರ್ಥಿ.

ಮಕ್ಕಳನ್ನು ವಿದೇಶಕ್ಕೆ ಕಳುಹಿಸುವ ಏಜೆಂಟರ ಕರಪತ್ರಗಳಲ್ಲಿ, ಚೀನಾದವರೆಗೆ ಹೋಗಿಯಾದರೂ ವಿದ್ಯೆ ಕಲಿಯಬೇಕೆಂಬ ಮಾತನ್ನು ಪ್ರವಾದಿವರ್ಯರ(ಸ) ಹೆಸರಿನಲ್ಲಿ ಅಚ್ಚು ಹಾಕಿಸಿರುವುದನ್ನು ನಾವು ಕಂಡಿದ್ದೇವೆ. ಹದೀಸ್ ವಿದ್ವಾಂಸರಲ್ಲಿ ಬಹುಪಾಲು ಮಂದಿ ಈ ಮಾತಿನ ಸನದನ್ನು ಒಪ್ಪಿಲ್ಲ. ಇಮಾಮ್ ಇಬ್ನುಲ್ ಜೌಝಿಯವರಂತೂ ಇದನ್ನು ಕಲ್ಪಿತ ಹದೀಸ್‌ಗಳ ಸಂಗ್ರಹದಲ್ಲಿಯೇ ಸೇರಿಸಿದ್ದಾರೆ. ಆದರೆ ಜ್ಞಾನವನ್ನು ಅರಸಿ ದಾರಿ ಹಿಡಿದವನಿಗೆ ಅಲ್ಲಾಹನು ಸ್ವರ್ಗದ ದಾರಿಯನ್ನು ಸುಗಮಗೊಳಿಸುತ್ತಾನೆ ಎಂಬ ಆಶಯದ ಹದೀಸ್ ಸಹೀಹ್ ಮುಸ್ಲಿಮ್‌ನಲ್ಲಿದೆ. ಅದು ಪ್ರಬಲವಾದುದು. ಅಲ್ಲಿ ಪ್ರತಿಫಲವಿರುವುದು ಜ್ಞಾನವನ್ನು ಅರಸುವುದಕ್ಕೆ. ವಿಮಾನ ಹತ್ತಿದ ಮಾತ್ರಕ್ಕೆ ಅಥವಾ ಆರು ವರ್ಷಗಳ ಬಳಿಕ ಕೈಗೆ ಬರುವ ಪದವಿಪತ್ರಕ್ಕೆ ಆ ಪ್ರತಿಫಲವನ್ನು ಹೇಳಲಾಗಿಲ್ಲ. ಹಾಗಾದರೆ ಏಷ್ಯಾದ ದೂರದ ನಗರಗಳಿಗೆ ಹೋಗಿ ವೈದ್ಯವಿದ್ಯೆ ಓದುತ್ತಿರುವ ನಮ್ಮ ಮಕ್ಕಳು ಅರಸುತ್ತಿರುವುದು ಏನನ್ನು? ನಾವು ಅವರನ್ನು ಕಳುಹಿಸುತ್ತಿರುವುದು ಯಾವುದಕ್ಕಾಗಿ?

ಒಂದು ಲೋಟ ನೀರು

ಆ ವಿದ್ಯಾರ್ಥಿ ಚಿಕ್ಕಂದಿನಲ್ಲಿ ನಮ್ಮ ಬಳಿ ನಾಝಿರಾ ಮುಗಿಸಿದವನು. ಸೌಮ್ಯ ಸ್ವಭಾವದವನು, ಓದಿನಲ್ಲಿ ಮುಂದು. ಉಜ್ಬೇಕಿಸ್ತಾನದ ಒಂದು ನಗರದಲ್ಲಿ ಐದನೆಯ ವರ್ಷದ ವ್ಯಾಸಂಗದಲ್ಲಿದ್ದಾಗ ರಜೆಗೆಂದು ಊರಿಗೆ ಬಂದವನು ಒಂದು ಸಂಜೆ ನಮ್ಮ ಮನೆಗೆ ಬಂದ. ಚಹಾ ಆರಿಹೋಗುವವರೆಗೂ ಮಾತನಾಡಲಿಲ್ಲ. ಬಳಿಕ ಹೇಳಿದ್ದು ಇಷ್ಟು.

ಆಸ್ಪತ್ರೆಯ ಶಸ್ತ್ರಚಿಕಿತ್ಸಾ ವಿಭಾಗದಲ್ಲಿ ಅವನಿಗೆ ರಾತ್ರಿಯ ಪಾಳಿಯ ತರಬೇತಿಯಿತ್ತು. ನಸುಕಿನಲ್ಲಿ ಹಳ್ಳಿಯಿಂದ ಬಂದಿದ್ದ ಒಬ್ಬ ವೃದ್ಧೆ ಅವನನ್ನು ಕೈಸನ್ನೆ ಮಾಡಿ ಕರೆದರು. ಅಂಗೈಯಲ್ಲಿ ಒಂದು ಮಾತ್ರೆಯಿತ್ತು. ಏನೋ ಹೇಳಿದರು. ಆ ಇಡೀ ವಾಕ್ಯದಲ್ಲಿ ಅವನಿಗೆ ಗುರುತು ಸಿಕ್ಕಿದ್ದು ‘ಸುವ್’ ಎಂಬ ಒಂದೇ ಪದ. ಉಜ್ಬೇಕ್ ಭಾಷೆಯಲ್ಲಿ ಅದರ ಅರ್ಥ ನೀರು. ಅಜ್ಜಿಗೆ ಬಾಯಾರಿಕೆಯಾಗಿದೆ ಎಂದು ಭಾವಿಸಿ ಅವನು ಒಂದು ಲೋಟ ತುಂಬ ನೀರು ತಂದು ಕೊಟ್ಟ. ಆಕೆ ಒಂದು ಕ್ಷಣ ಅವನ ಮುಖವನ್ನು ನೋಡಿದರು. ಬಿಳಿಯ ಕೋಟು ಧರಿಸಿದವನು ಕೊಟ್ಟಿದ್ದಾನಲ್ಲ ಎಂಬ ಭರವಸೆಯಿಂದ ಕುಡಿದರು. ಅವನಿಗೆ ಸಂತೋಷವಾಯಿತು.

ಬೆಳಿಗ್ಗೆ ಆಕೆಗೆ ಶಸ್ತ್ರಚಿಕಿತ್ಸೆ ನಡೆಯಬೇಕಾಗಿತ್ತು. ನೀರನ್ನೂ ಮುಟ್ಟಬಾರದೆಂದು ಹಿಂದಿನ ದಿನವೇ ಆಕೆಗೆ ತಿಳಿಸಲಾಗಿತ್ತು. ನೀರು ಕುಡಿಯಬಾರದೆಂದಿದ್ದಾರೆ, ಹಾಗಾದರೆ ಈ ಮಾತ್ರೆಯನ್ನು ಹೇಗೆ ನುಂಗಲಿ ಎಂದು ಆಕೆ ಕೇಳಿದ್ದರು. ಹುಡುಗನಿಗೆ ‘ನೀರು’ ತಿಳಿಯಿತು, ‘ಬಾರದು’ ತಿಳಿಯಲಿಲ್ಲ.

ಶಸ್ತ್ರಚಿಕಿತ್ಸೆಯನ್ನು ಮರುದಿನಕ್ಕೆ ಮುಂದೂಡಲಾಯಿತು. ಹಿರಿಯ ವೈದ್ಯರು ವಾರ್ಡಿನಲ್ಲಿ ನಿಂತು, ಈಕೆಗೆ ನೀರು ಕೊಟ್ಟವರು ಯಾರು ಎಂದು ಗಟ್ಟಿಯಾಗಿ ಕೇಳಿದರು. “ನಾನು ಸುಮ್ಮನಿದ್ದೆ ಹಜ್ರತ್” ಎಂದ ಹುಡುಗ. ಬೈಗುಳ ತಿಂದವರು ಆ ವೃದ್ಧೆಯೇ. ಆಕೆ ಯಾರತ್ತಲೂ ಬೆರಳು ತೋರಿಸಲಿಲ್ಲ. ಅವರೆಲ್ಲ ಹೊರಟ ಮೇಲೆ ಅವನನ್ನು ನೋಡಿ ಏನೋ ಒಂದು ಮಾತು ಹೇಳಿದರು. “ಅದು ದೂರೋ, ಕ್ಷಮೆಯೋ ನನಗೆ ಇಂದಿಗೂ ತಿಳಿಯದು. ಯಾರಲ್ಲಾದರೂ ಕೇಳೋಣವೆಂದರೆ ಆ ಪದಗಳೂ ನೆನಪಿನಲ್ಲಿ ಉಳಿದಿಲ್ಲ.”

ಅದೃಷ್ಟವಶಾತ್ ಆ ವೃದ್ಧೆ ಗುಣಮುಖರಾಗಿ ಮನೆಗೆ ಹೋದರು. ಹುಡುಗ ನಮ್ಮ ಬಳಿ ಬಂದದ್ದು, ತೌಬಾ ಮಾಡಿದರೆ ಇದು ತೀರುತ್ತದೆಯೇ ಎಂದು ಕೇಳಲು. ಮನುಷ್ಯರಿಗೆ ಸಲ್ಲಬೇಕಾದ ಹಕ್ಕಿನ ವಿಷಯದಲ್ಲಿ ಆ ಮನುಷ್ಯರ ಕ್ಷಮೆಯನ್ನೂ ಕೇಳಬೇಕೆಂಬುದು ನಾವೆಲ್ಲ ಓದಿರುವ ಪಾಠ. ಆದರೆ ಅವನು ಆ ಊರಿಗೆ ಹಿಂದಿರುಗಿ, ಆಕೆಯ ಹಳ್ಳಿಯನ್ನು ಹುಡುಕಿಕೊಂಡು ಹೋದರೂ, ಕ್ಷಮಿಸಿ ಎಂದು ಕೇಳಲು ಅವನಲ್ಲಿ ಭಾಷೆಯಿಲ್ಲ. ಐದು ವರ್ಷ ಆ ನಾಡಿನ ಅನ್ನ ಉಂಡವನಿಗೆ ಆ ನಾಡಿನ ಭಾಷೆಯಲ್ಲಿ ಒಂದು ಕ್ಷಮೆ ಕೇಳಲು ಬರಲಿಲ್ಲ.

ತಪ್ಪು ಆ ಹುಡುಗನೊಬ್ಬನದು ಎಂದು ಹೇಳಿ ಕೈತೊಳೆದುಕೊಳ್ಳುವ ಮನಸ್ಸು ನಮಗಾಗಲಿಲ್ಲ. ಅವನನ್ನು ಬೀಳ್ಕೊಟ್ಟವರಲ್ಲಿ ನಾವೂ ಇದ್ದೆವು. ಅವನ ತಂದೆ ಶುಲ್ಕ ವಿಚಾರಿಸಿದ್ದರು, ತಾಯಿ ಊಟ ವಿಚಾರಿಸಿದ್ದರು, ನಾವು ಮಸೀದಿ ವಿಚಾರಿಸಿದ್ದೆವು. ಅಲ್ಲಿಯ ರೋಗಿಗಳ ಭಾಷೆ ಯಾವುದು, ಅದನ್ನು ಹೇಗೆ ಕಲಿಯುವೆ ಎಂದು ನಮ್ಮಲ್ಲಿ ಒಬ್ಬರೂ ಕೇಳಿರಲಿಲ್ಲ.

ಇಂಗ್ಲಿಷ್ ಸಾಲದೇ?

ಮೊದಲು ಪೋಷಕರ ಕಷ್ಟವನ್ನು ಒಪ್ಪಿಕೊಳ್ಳೋಣ. 2024ರಲ್ಲಿ ನೀಟ್ ಬರೆದವರು 23 ಲಕ್ಷಕ್ಕೂ ಹೆಚ್ಚು. ಆಗ ದೇಶದಲ್ಲಿದ್ದ ಎಂಬಿಬಿಎಸ್ ಸೀಟುಗಳು ಒಂದು ಲಕ್ಷಕ್ಕಿಂತ ತುಸು ಹೆಚ್ಚು. ಸರಕಾರಿ ಸೀಟು ಕೈತಪ್ಪಿದರೆ ಖಾಸಗಿ ಕಾಲೇಜಿನ ಶುಲ್ಕವನ್ನು ಭರಿಸಲು ಸಾಮಾನ್ಯ ಕುಟುಂಬಕ್ಕೆ ಸಾಧ್ಯವಿಲ್ಲ. ಹೊಲ ಮಾರಿ, ಒಡವೆ ಅಡವಿಟ್ಟು ಮಕ್ಕಳನ್ನು ಉಜ್ಬೇಕಿಸ್ತಾನ, ಕಿರ್ಗಿಸ್ತಾನ, ಚೀನಾಗಳಿಗೆ ಕಳುಹಿಸುವ ತಂದೆತಾಯಿಯರನ್ನು ಹೀಗಳೆಯುವ ಹಕ್ಕು ಯಾರಿಗೂ ಇಲ್ಲ. ಹೆಣ್ಣುಮಕ್ಕಳನ್ನು ಒಂಟಿಯಾಗಿ ದೂರದೇಶಕ್ಕೆ ಕಳುಹಿಸುವ ಕುರಿತು ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯಗಳಿವೆ. ಪ್ರತಿ ಕುಟುಂಬವೂ ತಾನು ನಂಬುವ ಆಲಿಮರೊಡನೆ ಸಮಾಲೋಚಿಸಿ ನಿರ್ಧರಿಸಲಿ, ಅದು ಈ ಲೇಖನದ ವಿಷಯವಲ್ಲ. ಹೋಗಬೇಕೇ ಬೇಡವೇ ಎಂಬುದಕ್ಕಿಂತ, ಹೋದವರು ಅಲ್ಲಿ ಹೇಗೆ ಇರಬೇಕು ಎಂಬುದೇ ನಮ್ಮ ಪ್ರಶ್ನೆ.

ಈ ಪ್ರಶ್ನೆ ಕೇಳಿದಾಗ ಪೋಷಕರು ಕೊಡುವ ಉತ್ತರ ಸಾಮಾನ್ಯವಾಗಿ ಒಂದೇ: ಪಾಠ ಇಂಗ್ಲಿಷಿನಲ್ಲಿ ನಡೆಯುತ್ತದೆ, ನಮ್ಮ ಸರಕಾರದ ನಿಯಮವೂ ಇಂಗ್ಲಿಷ್ ಮಾಧ್ಯಮವನ್ನೇ ಕೇಳುತ್ತದೆ, ಕೊನೆಗೆ ಊರಿಗೆ ಬಂದು ಬರೆಯುವ ಪರೀಕ್ಷೆಯೂ ಇಂಗ್ಲಿಷಿನಲ್ಲೇ. ಹೀಗಿರುವಾಗ ಬೀದರಿನಲ್ಲೋ ಹಾವೇರಿಯಲ್ಲೋ ವೈದ್ಯನಾಗುವವನಿಗೆ ಉಜ್ಬೇಕ್ ಭಾಷೆಯಿಂದ ಏನು ಪ್ರಯೋಜನ? ಮೊದಲೇ ಕಠಿಣವಾದ ಓದಿಗೆ ಇನ್ನೊಂದು ಹೊರೆ ಏಕೆ?

ಈ ವಾದಕ್ಕೆ ತೂಕವಿಲ್ಲವೆಂದಲ್ಲ. ಆದರೆ ಅದೇ ನಿಯಮವನ್ನು ಪೂರ್ತಿ ಓದಬೇಕು. ರಾಷ್ಟ್ರೀಯ ವೈದ್ಯಕೀಯ ಆಯೋಗವು 2021ರ ನವೆಂಬರಿನಲ್ಲಿ ಹೊರಡಿಸಿದ ನಿಯಮಾವಳಿಯಂತೆ ವಿದೇಶದ ವ್ಯಾಸಂಗ ಕನಿಷ್ಠ 54 ತಿಂಗಳು ನಡೆಯಬೇಕು. ಅದಲ್ಲದೆ 12 ತಿಂಗಳ ಇಂಟರ್ನ್‌ಶಿಪ್ಪನ್ನು ಓದಿದ ಸಂಸ್ಥೆಯಲ್ಲಿಯೇ ಮಾಡಬೇಕು. ಓದಿದ ದೇಶದಲ್ಲಿ ವೈದ್ಯವೃತ್ತಿ ನಡೆಸಲು ಅಲ್ಲಿಯ ಪ್ರಜೆಗೆ ದೊರೆಯುವಂಥ ಅರ್ಹತೆಯೇ ಇವನಿಗೂ ದೊರೆತಿರಬೇಕು. ಆ ಬಳಿಕ ಭಾರತಕ್ಕೆ ಬಂದು ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಇಲ್ಲಿಯೂ 12 ತಿಂಗಳ ಇಂಟರ್ನ್‌ಶಿಪ್ ಮುಗಿಸಬೇಕು. ಒಂದು ದೇಶದಲ್ಲಿ ವೈದ್ಯನಾಗಿ ನಿಲ್ಲುವ ಅರ್ಹತೆ ಪಡೆದವನಿಗೆ ಆ ದೇಶದ ರೋಗಿ ಹೇಳುವುದು ತಿಳಿಯದಿದ್ದರೆ ಆ ಅರ್ಹತೆಗೆ ಏನು ಅರ್ಥ? ಮಾಧ್ಯಮ ಇಂಗ್ಲಿಷ್ ಎಂಬುದು ತರಗತಿಯ ಕೋಣೆಗೆ ಸಂಬಂಧಿಸಿದ ಮಾತು. ಹಾಸಿಗೆಯ ಮೇಲೆ ಮಲಗಿರುವವರು ಇಂಗ್ಲಿಷ್ ಮಾಧ್ಯಮದವರಲ್ಲ.

ವಾಸ್ತವ ಹೇಗಿದೆ ಎಂಬುದನ್ನು ಅಲ್ಲಿಂದ ಬಂದ ಹಲವು ಮಕ್ಕಳಿಂದ ಕೇಳಿದ್ದೇವೆ. ಏಜೆಂಟರು ಒಂದೇ ಗುಂಪಾಗಿ ಕರೆದೊಯ್ಯುತ್ತಾರೆ. ಹಾಸ್ಟೆಲಿನಲ್ಲಿ ಭಾರತದವರೇ, ಮೆಸ್ಸಿನಲ್ಲಿ ನಮ್ಮದೇ ಅನ್ನ ಸಾರು. ಮೊದಲ ವರ್ಷಗಳಲ್ಲಿ ಸ್ಥಳೀಯ ಭಾಷೆಯ ತರಗತಿ ಇರುತ್ತದೆ. ಅದರ ಅಂಕ ಊರಿನ ಪರೀಕ್ಷೆಗೆ ಬೇಕಾಗದು ಎಂದು ಹಿರಿಯ ವಿದ್ಯಾರ್ಥಿಗಳೇ ಕಿರಿಯರಿಗೆ ಹೇಳಿಕೊಡುತ್ತಾರೆ. ನಾಲ್ಕನೆಯ ವರ್ಷ ವಾರ್ಡಿಗೆ ಹೋದಾಗ ಹತ್ತು ಹದಿನೈದು ಮಂದಿ ಅಧ್ಯಾಪಕರ ಬೆನ್ನ ಹಿಂದೆ ನಿಲ್ಲುತ್ತಾರೆ. ರೋಗಿ ಐದು ನಿಮಿಷ ಹೇಳಿಕೊಂಡ ಗೋಳು ಅಧ್ಯಾಪಕರ ಬಾಯಿಂದ ‘ಹೊಟ್ಟೆನೋವು, ಮೂರು ದಿನ’ ಎಂಬ ಎರಡು ತುಣುಕುಗಳಾಗಿ ಇವರಿಗೆ ತಲುಪುತ್ತದೆ. ಪ್ರಶ್ನೆ ಕೇಳುವುದು, ಉತ್ತರದಲ್ಲಿ ಅಡಗಿದ್ದನ್ನು ಹುಡುಕುವುದು, ಮತ್ತೆ ಕೇಳುವುದು ಈ ವಿದ್ಯೆಯ ಬೇರು. ಆ ಬೇರೇ ಅವರ ಕೈಗೆ ಸಿಗುವುದಿಲ್ಲ.

ಚೀನಾದ ವಿಷಯದಲ್ಲಿ ಇದು ಗುಟ್ಟೇನೂ ಅಲ್ಲ. ಬೀಜಿಂಗ್‌ನಲ್ಲಿರುವ ಭಾರತೀಯ ರಾಯಭಾರ ಕಚೇರಿ 2022ರ ಸೆಪ್ಟೆಂಬರಿನಲ್ಲಿ ಹೊರಡಿಸಿದ ಸಲಹಾಪತ್ರದಲ್ಲಿ, ಪಾಠ ಇಂಗ್ಲಿಷಿನಲ್ಲಿದ್ದರೂ ರೋಗಿಗಳೊಡನೆ ವ್ಯವಹರಿಸಲು ಚೀನೀ ಭಾಷೆ ಕಲಿಯಲೇಬೇಕೆಂದೂ, ಎಚ್‌ಎಸ್‌ಕೆ ಎಂಬ ಭಾಷಾಪರೀಕ್ಷೆಯ ನಾಲ್ಕನೆಯ ಹಂತವನ್ನು ದಾಟದವರಿಗೆ ಪದವಿಯೇ ದೊರೆಯದೆಂದೂ ತಿಳಿಸಿತ್ತು. ಅದೇ ಪತ್ರದಲ್ಲಿ ಇನ್ನೊಂದು ಲೆಕ್ಕವಿತ್ತು. 2015ರಿಂದ 2021ರವರೆಗೆ ಚೀನಾದಲ್ಲಿ ಓದಿ ಬಂದು ಭಾರತದ ಅರ್ಹತಾ ಪರೀಕ್ಷೆಗೆ ಕುಳಿತವರು 40,417 ಮಂದಿ. ತೇರ್ಗಡೆಯಾದವರು 6,387 ಮಂದಿ. 300 ಪ್ರಶ್ನೆಗಳಲ್ಲಿ 150ಕ್ಕೆ ಸರಿಯುತ್ತರ ಕೊಟ್ಟರೆ ಸಾಕಾದ ಪರೀಕ್ಷೆಯಿದು. ಎಲ್ಲ ದೇಶಗಳಿಂದ ಬಂದವರನ್ನು ಸೇರಿಸಿದರೂ 2024ರ ಜೂನ್ ಅಧಿವೇಶನದಲ್ಲಿ ತೇರ್ಗಡೆಯಾದವರು ಸುಮಾರು ಐವರಲ್ಲಿ ಒಬ್ಬರು ಮಾತ್ರ.

ಈ ಸೋಲಿಗೆಲ್ಲ ಭಾಷೆಯೇ ಕಾರಣವೆಂದು ನಾವು ಹೇಳುತ್ತಿಲ್ಲ. ಸರಿಯಾಗಿ ಕಲಿಸದ ಕಾಲೇಜುಗಳಿವೆ, ಯೋಗ್ಯತೆ ನೋಡದೆ ಕಳುಹಿಸುವ ಏಜೆಂಟರಿದ್ದಾರೆ, ಓದದ ಮಕ್ಕಳೂ ಇದ್ದಾರೆ. ಆದರೆ ರೋಗಿಯನ್ನು ಮಾತನಾಡಿಸಿ ಕಲಿತ ಪಾಠ ಪುಸ್ತಕದಲ್ಲಿ ಓದಿದ ಪಾಠಕ್ಕಿಂತ ಹೆಚ್ಚು ಕಾಲ ನೆನಪಿನಲ್ಲಿರುತ್ತದೆ ಎಂಬುದನ್ನು ಯಾವ ವೈದ್ಯರೂ ಅಲ್ಲಗಳೆಯಲಾರರು.

ಕೊರೋನಾ ಕಾಲವನ್ನು ನೆನೆಯಿರಿ. 2020ರ ಆರಂಭದಲ್ಲಿ ಚೀನಾದಿಂದ ಊರಿಗೆ ಬಂದ ಸಾವಿರಾರು ವಿದ್ಯಾರ್ಥಿಗಳು ಎರಡು ವರ್ಷಕ್ಕೂ ಹೆಚ್ಚು ಕಾಲ ಹಿಂದಿರುಗಲಾಗದೆ ಮೊಬೈಲಿನ ಪರದೆಯ ಮೇಲೆ ಪಾಠ ಕೇಳಿದರು. ಪರದೆಯ ಮೇಲೆ ನಡೆದ ಓದು ರೋಗಿಯ ಬಳಿಯ ತರಬೇತಿಗೆ ಸಮನಲ್ಲವೆಂದು ಆಯೋಗ ನಿಲುವು ತಳೆಯಿತು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. ಕೊನೆಗೆ 2022ರಲ್ಲಿ, ಜೂನ್ 30ರೊಳಗೆ ವ್ಯಾಸಂಗ ಮುಗಿಸಿದ ಅಂತಿಮ ವರ್ಷದವರಿಗೆ ಪರೀಕ್ಷೆ ಬರೆಯಲು ಅವಕಾಶ ದೊರೆಯಿತು. ಆದರೆ ಒಂದು ವರ್ಷದ ಬದಲು ಎರಡು ವರ್ಷ ಇಂಟರ್ನ್‌ಶಿಪ್ ಮಾಡಬೇಕೆಂಬ ಷರತ್ತು ವಿಧಿಸಲಾಯಿತು. ಆಗ ನಮ್ಮ ಮಕ್ಕಳಿಗೆ ಅನ್ಯಾಯವಾಯಿತೆಂದು ನಾವೆಲ್ಲ ನೊಂದೆವು. ಆದರೆ ಯೋಚಿಸಿ ನೋಡಿ: ವಾರ್ಡಿನಲ್ಲಿ ನಿಂತೂ ರೋಗಿಯ ಒಂದು ಮಾತೂ ತಿಳಿಯದವನ ಮುಂದೆಯೂ ಒಂದು ಪರದೆ ಇದ್ದೇ ಇದೆ. ಆ ಪರದೆಯನ್ನು ಯಾವ ಆಯೋಗವೂ ಲೆಕ್ಕ ಹಿಡಿಯುವುದಿಲ್ಲ.

ಹಿರಿಯರು ನಡೆದ ದಾರಿ

ವೈದ್ಯವಿದ್ಯೆಯನ್ನು ಅರಿಯದೆ ಚಿಕಿತ್ಸೆಗೆ ಕೈಹಾಕಿದವನು ಆಗುವ ಹಾನಿಗೆ ಹೊಣೆಗಾರನೆಂಬ ಆಶಯದ ಹದೀಸನ್ನು ಇಮಾಮ್ ಅಬೂದಾವೂದ್ ದಾಖಲಿಸಿದ್ದಾರೆ. ರೋಗಿ ತನ್ನ ದೇಹವನ್ನು ವೈದ್ಯನ ಕೈಗೆ ಅಮಾನತ್ತಾಗಿ ಒಪ್ಪಿಸುತ್ತಾನೆ. ಆ ಅಮಾನತ್ತಿನ ಮೊದಲ ಹಕ್ಕು, ತಾನು ಹೇಳುವುದನ್ನು ಕೇಳಿಸಿಕೊಳ್ಳಬೇಕೆಂಬುದು.

ಅನ್ಯರ ಭಾಷೆ ಕಲಿಯುವುದು ನಮ್ಮ ಪರಂಪರೆಗೆ ಹೊಸದಲ್ಲ. ಮದೀನಾದಲ್ಲಿ ಪ್ರವಾದಿವರ್ಯರು(ಸ) ಯುವಕ ಝೈದ್ ಬಿನ್ ಸಾಬಿತ್‌ರಿಗೆ(ರ) ಯಹೂದಿಯರ ಬರಹವನ್ನು ಕಲಿಯುವಂತೆ ಆಜ್ಞಾಪಿಸಿದರು. ಅರ್ಧ ತಿಂಗಳು ಕಳೆಯುವಷ್ಟರಲ್ಲಿ ಅವರು ಅದನ್ನು ಕಲಿತು, ಬಂದ ಪತ್ರಗಳನ್ನು ಓದಿ ಹೇಳುವವರೂ ಉತ್ತರ ಬರೆಯುವವರೂ ಆದರೆಂದು ತಿರ್ಮಿದಿಯಲ್ಲಿದೆ. ಇನ್ನೊಬ್ಬರು ತಿಳಿಸುವುದನ್ನು ನಂಬಿ ಕುಳಿತುಕೊಳ್ಳದೆ ತಾನೇ ತಿಳಿಯಬೇಕೆಂಬುದು ಆ ಆಜ್ಞೆಯ ಹಿಂದಿನ ವಿವೇಕ. ಮನುಷ್ಯರ ಭಾಷೆಗಳೂ ಬಣ್ಣಗಳೂ ಬೇರೆಬೇರೆಯಾಗಿರುವುದು ಅಲ್ಲಾಹನ ನಿದರ್ಶನಗಳಲ್ಲಿ ಸೇರಿದೆಯೆಂದು ಸೂರಃ ಅರ್ರೂಮ್ ತಿಳಿಸುತ್ತದೆ. ನಿದರ್ಶನವಿರುವುದು ಅರಿಯುವುದಕ್ಕಾಗಿ. ಅದರ ಮುಂದೆ ಕಿವಿ ಮುಚ್ಚಿಕೊಂಡು ಹಾದುಹೋಗುವುದು ವಿಶ್ವಾಸಿಗೆ ಶೋಭಿಸದು.

ನಮ್ಮ ಮಕ್ಕಳು ಈಗ ಹೋಗುತ್ತಿರುವ ನಾಡು ಎಂಥದೆಂಬುದನ್ನೂ ಅವರಿಗೆ ಹೇಳಬೇಕು. ಬುಖಾರಾ ಇಮಾಮ್ ಬುಖಾರಿಯವರ ಹುಟ್ಟೂರು. ಇಮಾಮ್ ತಿರ್ಮಿದಿಯವರ ತಿರ್ಮಿದ್ ಇಂದಿನ ಉಜ್ಬೇಕಿಸ್ತಾನದ ದಕ್ಷಿಣದ ಗಡಿಯಲ್ಲಿದೆ. ಅರಬ್ ನಾಡಿನವರಲ್ಲದ ಈ ಮಹನೀಯರು ಅರಬಿಯಲ್ಲಿ ಪಾರಂಗತರಾಗಿ ಹದೀಸ್ ಜ್ಞಾನದ ಆಧಾರಸ್ತಂಭಗಳಾದರು. ವೈದ್ಯವಿದ್ಯೆಯ ಮಹಾಗುರು ಇಬ್ನ್ ಸೀನಾ 980ರಲ್ಲಿ ಹುಟ್ಟಿದ್ದು ಬುಖಾರಾದ ಬಳಿಯ ಹಳ್ಳಿಯಲ್ಲಿ. ಬುಖಾರಾದ ವೈದ್ಯಕೀಯ ಸಂಸ್ಥೆಗೆ ಇಂದಿಗೂ ಅವರದೇ ಹೆಸರು. ಅದೇ ಕಾಲದಲ್ಲಿ ಖ್ವಾರಿಝ್ಮಿನಲ್ಲಿ ಹುಟ್ಟಿದ ಅಲ್‌ಬಿರೂನಿ ನಮ್ಮ ಭಾರತಕ್ಕೆ ಬಂದರು. ಸಂಸ್ಕೃತವನ್ನು ಕಷ್ಟಪಟ್ಟು ಕಲಿತರು, ಪಂಡಿತರ ಬಳಿ ಕುಳಿತು ಕೇಳಿದರು, 1030ರ ಸುಮಾರಿಗೆ ಭಾರತದ ಕುರಿತು ದೊಡ್ಡ ಗ್ರಂಥವನ್ನೇ ಬರೆದರು. ಈ ನಾಡಿನ ಜನರನ್ನು ಅರಿಯಲು ಹೊರಗಿನವರಿಗೆ ಎದುರಾಗುವ ಅಡ್ಡಿಗಳನ್ನು ಎಣಿಸುವಾಗ ಅವರು ಮೊದಲು ಹೆಸರಿಸಿದ್ದು ಭಾಷೆಯನ್ನು.

ಸಾವಿರ ವರ್ಷಗಳ ಹಿಂದೆ ಅಲ್ಲಿಂದ ಇಲ್ಲಿಗೆ ಬಂದ ಒಬ್ಬ ವಿದ್ವಾಂಸ ನಡುವಯಸ್ಸಿನಲ್ಲಿ ನಮ್ಮ ನಾಡಿನ ಭಾಷೆ ಕಲಿತ. ಇಂದು ಇಲ್ಲಿಂದ ಅಲ್ಲಿಗೆ ಹೋಗುವ ಹದಿನೆಂಟರ ಹುಡುಗನಿಗೆ ಅವರ ಭಾಷೆ ಹೊರೆಯೆನಿಸುತ್ತದೆ. ಈ ಹೋಲಿಕೆ ನಮ್ಮನ್ನು ನಾಚಿಸಬೇಕು.

ಹತ್ತು ಪದಗಳ ನೋಟ್‌ಬುಕ್

ಇನ್ನೊಬ್ಬ ವಿದ್ಯಾರ್ಥಿನಿಯ ಅನುಭವವನ್ನೂ ಹೇಳಬೇಕು. ಆಕೆ ನಮ್ಮ ನೆರೆಯ ಓಣಿಯ ಶಿಕ್ಷಕರೊಬ್ಬರ ಮಗಳು. ಅದೇ ದೇಶದ ಇನ್ನೊಂದು ನಗರದಲ್ಲಿ ಓದಿದಳು. ತಂದೆ ಬೀಳ್ಕೊಡುವಾಗ ಒಂದು ನೋಟ್‌ಬುಕ್ ಕೊಟ್ಟು, ದಿನಕ್ಕೆ ಹತ್ತು ಪದ ಬರೆ ಎಂದಿದ್ದರಂತೆ. ಆಕೆ ಬರೆದಳು. ಬರೆಯುತ್ತಾ ಹೋದಂತೆ ಆಕೆಗೆ ಒಂದು ಅಚ್ಚರಿ ಕಾದಿತ್ತು. ಪುಸ್ತಕ ಅವರಿಗೂ ‘ಕಿತೋಬ್’. ಮಾರುಕಟ್ಟೆ ‘ಬೋಝೋರ್’. ರೊಟ್ಟಿ ‘ನೋನ್’. ಧನ್ಯವಾದ ಹೇಳಲು ‘ರಹ್ಮತ್’. ರೋಗಿ ‘ಬೆಮೋರ್’, ಅಂದರೆ ನಮ್ಮ ಮನೆಗಳ ‘ಬೀಮಾರ್’. ವೈದ್ಯ ‘ಶಿಫೋಕೋರ್’. ನಾವು ದುಆದಲ್ಲಿ ಬೇಡುವ ‘ಶಿಫಾ’ ಆ ಪದದ ಒಳಗೇ ಇದೆ. ತಾಯಿಯ ತಂಗಿ ನಮಗೆ ಖಾಲಾ, ಅವರಿಗೆ ‘ಖೋಲಾ’.

ವ್ಯಾಕರಣ ಬೇರೆ, ಕ್ರಿಯಾಪದಗಳೆಲ್ಲ ಬೇರೆ, ಅದನ್ನು ಕಲಿಯಲು ಬೆವರು ಸುರಿಸಲೇಬೇಕು. ಆದರೆ ಬಾಗಿಲು ತೆರೆದೇ ಇತ್ತು. ಹಾಸ್ಟೆಲಿನ ಬಳಿ ರೊಟ್ಟಿ ಮಾರುವ ಹೆಂಗಸಿನ ಪಕ್ಕ ದಿನವೂ ಹತ್ತು ನಿಮಿಷ ಕುಳಿತು ಆಕೆ ಮಾತು ಕಲಿತಳು. ವಾರ್ಡಿಗೆ ಹೋಗುವ ಕಾಲಕ್ಕೆ, ಎಲ್ಲಿ ನೋಯುತ್ತಿದೆ, ಎಂದಿನಿಂದ, ಊಟವಾದ ಮೇಲೋ ಮೊದಲೋ ಎಂದು ಕೇಳಲೂ ಉತ್ತರವನ್ನು ಅರಿಯಲೂ ಶಕ್ತಳಾಗಿದ್ದಳು. ವಯಸ್ಸಾದ ಹೆಂಗಸರು ಆಕೆಯನ್ನು ‘ಕಿಝಿಮ್’, ಅಂದರೆ ‘ನನ್ನ ಮಗಳೇ’ ಎಂದು ಕರೆಯತೊಡಗಿದರು. ವೈದ್ಯರ ಮುಂದೆ ಹೇಳಲು ಸಂಕೋಚಪಟ್ಟುದನ್ನು ಈ ಪರದೇಶಿ ಹುಡುಗಿಗೆ ಹೇಳಿದರು. ಅಧ್ಯಾಪಕರಿಗೆ ಇದು ಕಂಡಾಗ, ಹದಿನೈದು ಮಂದಿಯ ಗುಂಪಿನಲ್ಲಿ ಹಿಂದೆ ನಿಲ್ಲುತ್ತಿದ್ದವಳನ್ನು ಮುಂದಕ್ಕೆ ಕರೆದು ಹೆಚ್ಚು ಕೆಲಸ ಒಪ್ಪಿಸಿದರು. ಓದಿನಲ್ಲಿ ಆಕೆ ಆ ಹುಡುಗನಿಗಿಂತ ಜಾಣೆಯೇನಲ್ಲ. ಒಂದು ನೋಟ್‌ಬುಕ್ ಹೆಚ್ಚು ಒಯ್ದಿದ್ದಳು, ಅಷ್ಟೆ.

ಭಾಷೆಯ ಪ್ರಯೋಜನ ಆಸ್ಪತ್ರೆಯ ಹೊರಗೂ ಇದೆ. 2024ರ ಮೇ ತಿಂಗಳಲ್ಲಿ ಕಿರ್ಗಿಸ್ತಾನದ ರಾಜಧಾನಿ ಬಿಶ್ಕೆಕ್‌ನಲ್ಲಿ, ಸ್ಥಳೀಯರಿಗೂ ಈಜಿಪ್ಟಿನ ವಿದ್ಯಾರ್ಥಿಗಳಿಗೂ ನಡೆದ ಹೊಡೆದಾಟದ ವಿಡಿಯೊ ಹರಡಿ, ಗುಂಪುಗಳು ವಿದೇಶಿ ವಿದ್ಯಾರ್ಥಿಗಳ ಹಾಸ್ಟೆಲುಗಳ ಮೇಲೆ ದಾಳಿ ಮಾಡಿದವು. ಮಕ್ಕಳು ಹೊರಗೆ ಬರಬಾರದೆಂದು ನಮ್ಮ ರಾಯಭಾರ ಕಚೇರಿ ಸೂಚಿಸಿತು. ಆ ರಾತ್ರಿ ವಿದ್ಯಾರ್ಥಿಗಳು ಕೊಲ್ಲಲ್ಪಟ್ಟರೆಂಬ ವದಂತಿಗಳು ವಾಟ್ಸ್ಆ್ಯಪಿನಲ್ಲಿ ಸುತ್ತಾಡಿದವು. ಯಾರೂ ಸತ್ತಿಲ್ಲವೆಂದು ಅಲ್ಲಿಯ ಸರಕಾರ ತಿಳಿಸುವ ಹೊತ್ತಿಗೆ ಇಲ್ಲಿಯ ಎಷ್ಟೋ ತಾಯಂದಿರು ನಿದ್ದೆಯಿಲ್ಲದೆ ರಾತ್ರಿ ಕಳೆದಿದ್ದರು. ಗುಂಪಿನ ಕ್ರೌರ್ಯವನ್ನು ಭಾಷೆ ತಡೆಯಲಾರದು, ತಪ್ಪು ದಾಳಿ ಮಾಡಿದವರದೇ. ಆದರೆ ಊರಿನ ಸುದ್ದಿ ಓದಲು ಬಲ್ಲ, ನೆರೆಯವರನ್ನು ಕೇಳಿ ತಿಳಿಯಬಲ್ಲ ವಿದ್ಯಾರ್ಥಿ ವದಂತಿಗೆ ಬಲಿಯಾಗುವುದಿಲ್ಲ. ಗೋಡೆಯ ಆಚೆ ಏನು ನಡೆಯುತ್ತಿದೆ ಎಂದು ಅರಿಯದೆ ಆರು ವರ್ಷ ಬದುಕುವುದು ಸುರಕ್ಷಿತವಾದ ಬದುಕಲ್ಲ.

ಹಿಂದಿರುಗಿದ ಮೇಲೆ

ಆ ಹೆಣ್ಣುಮಗಳು ಎರಡನೆಯ ಪ್ರಯತ್ನದಲ್ಲಿ ಪರೀಕ್ಷೆ ಮುಗಿಸಿ, ಉತ್ತರ ಕರ್ನಾಟಕದ ಒಂದು ಸರಕಾರಿ ಆಸ್ಪತ್ರೆಯಲ್ಲಿ ಇಂಟರ್ನ್‌ಶಿಪ್‌ಗೆ ಸೇರಿದಳು. ಮೊದಲ ವಾರ ನಮ್ಮ ಮನೆಗೆ ಬಂದಾಗ ಆಕೆಯ ಮುಖ ಬಾಡಿತ್ತು. ಮನೆಮಾತು ಉರ್ದು, ಶಾಲೆ ಇಂಗ್ಲಿಷ್ ಮಾಧ್ಯಮ, ಕನ್ನಡವೆಂದರೆ ಪರೀಕ್ಷೆಯಲ್ಲಿ ಉತ್ತೀರ್ಣಳಾಗಲು ಓದಿದ್ದು. ಹಳ್ಳಿಯ ಹೆಣ್ಣುಮಗಳೊಬ್ಬಳು ಬಂದು “ಹೊಟ್ಟಿ ತೊಳಸಾಕತ್ತೈತ್ರೀ, ಕಣ್ಣಿಗೆ ಕತ್ತಲಿ ಬರ್ತೈತ್ರೀ” ಎಂದರೆ ಆಕೆಗೆ ತಿಳಿಯಲಿಲ್ಲ. ‘ಹೊರಗಾಗಿದ್ದೇನೆ’ ಎಂದರೆ ತಿಂಗಳ ದಿನಗಳು ಎಂಬುದು ತಿಳಿಯದೆ, ಹೊರಗೆ ಏಕೆ, ಒಳಗೆ ಬಾ ಎಂದುಬಿಟ್ಟಿದ್ದಳು. ಸುತ್ತಲಿದ್ದವರು ನಕ್ಕರು. “ಸಮರ್‌ಕಂದದ ಅಜ್ಜಿಯ ಮಾತು ತಿಳಿಯುತ್ತಿತ್ತು ಹಜ್ರತ್, ಸವಣೂರಿನ ಅಜ್ಜಿಯ ಮಾತು ತಿಳಿಯಲಿಲ್ಲ” ಎಂದಳು. ಅದನ್ನು ಕೇಳಿ, ಮೂವತ್ತು ಮಕ್ಕಳಿಗೆ ಕನ್ನಡ ಪಾಠ ಹೇಳುವ ನಮಗೆ ನಗು ಬರಲಿಲ್ಲ.

ಆಕೆ ಹಳೆಯ ನೋಟ್‌ಬುಕ್ಕಿನ ಉಳಿದ ಹಾಳೆಗಳಲ್ಲಿ ಮತ್ತೆ ಹತ್ತು ಪದಗಳಂತೆ ಬರೆಯತೊಡಗಿದಳು. ಈ ಸಲ ಕನ್ನಡದ್ದು. ಒಂದು ಭಾಷೆಯ ಮುಂದೆ ತಲೆಬಾಗಿ ಕಲಿತವರಿಗೆ ಇನ್ನೊಂದರ ಮುಂದೆ ತಲೆಬಾಗುವುದು ಕಷ್ಟವಲ್ಲ. ಉಜ್ಬೇಕ್ ಭಾಷೆಯಿಂದ ಬೀದರಿನಲ್ಲಿ ಏನು ಪ್ರಯೋಜನ ಎಂದು ಕೇಳುವ ಪೋಷಕರಿಗೆ ನಮ್ಮ ಉತ್ತರ ಇದೇ. ಆ ಪದಗಳು ಇಲ್ಲಿ ಉಪಯೋಗಕ್ಕೆ ಬಾರದಿರಬಹುದು. ರೋಗಿಯ ಮಾತಿಗಾಗಿ ಕಾಯುವ, ತಿಳಿಯದಿದ್ದರೆ ಮತ್ತೆ ಕೇಳುವ, ಅರ್ಧ ತಿಳಿದದ್ದನ್ನು ಪೂರ್ತಿ ತಿಳಿದೆನೆಂದುಕೊಳ್ಳದ ಅಭ್ಯಾಸ ಎಲ್ಲ ಕಡೆಯೂ ಬೇಕು.

ಪ್ರತಿಯೊಂದು ಸಮುದಾಯದಿಂದ ಕೆಲವರು ಹೊರಟು, ಅರಿವು ಪಡೆದು, ಹಿಂದಿರುಗಿ ತಮ್ಮ ಜನರನ್ನು ಎಚ್ಚರಿಸಬೇಕೆಂಬ ಆಶಯ ಸೂರಃ ಅತ್ತೌಬಾದಲ್ಲಿದೆ. ಅದು ಧರ್ಮದ ಅರಿವನ್ನು ಕುರಿತ ಮಾತು. ಆದರೆ ಹೋಗುವುದು, ಅರಿಯುವುದು, ತನ್ನ ಜನರ ಬಳಿಗೆ ಮರಳುವುದು ಎಂಬ ಆ ಮೂರು ಹೆಜ್ಜೆಗಳು ಎಲ್ಲ ವಿದ್ಯಾರ್ಥಿಗಳಿಗೂ ದಾರಿದೀಪ. ತನ್ನ ಜನರ ಬಳಿಗೆ ಮರಳಿದವನು ತನ್ನ ಜನರ ಭಾಷೆಯಲ್ಲಿ ಮಾತನಾಡದಿದ್ದರೆ ಮರಳಿದಂತಾಯಿತೇ? ನಮ್ಮ ಜನರೆಂದರೆ ನಮ್ಮ ಓಣಿಯವರು ಮಾತ್ರವಲ್ಲ. ಹೊರರೋಗಿ ವಿಭಾಗದ ಸಾಲಿನಲ್ಲಿ ನಿಂತ ಪ್ರತಿಯೊಬ್ಬರೂ ನಮ್ಮವರೇ.

ಆದ್ದರಿಂದ ಪೋಷಕರಲ್ಲಿ ನಮ್ಮ ವಿನಂತಿ ಇಷ್ಟು. ಕಳುಹಿಸುವ ಮುನ್ನ ಏಜೆಂಟರಲ್ಲಿ ಶುಲ್ಕದ ಜೊತೆಗೆ ಇದನ್ನೂ ಕೇಳಿ: ಸ್ಥಳೀಯ ಭಾಷೆಯನ್ನು ಎಷ್ಟು ಸೆಮಿಸ್ಟರ್ ಕಲಿಸುತ್ತಾರೆ? ರೋಗಿಗಳ ಬಳಿ ಎಷ್ಟು ಗಂಟೆ ಬಿಡುತ್ತಾರೆ? ಆಯೋಗದ ನಿಯಮದಂತೆ ಅಲ್ಲಿಯೇ ಇಂಟರ್ನ್‌ಶಿಪ್ ಉಂಟೇ? ಸ್ಪಷ್ಟ ಉತ್ತರ ಕೊಡದವರ ಕೈಗೆ ಮಗುವನ್ನೂ ಹಣವನ್ನೂ ಒಪ್ಪಿಸಬೇಡಿ. ಹೊರಡುವ ಮೊದಲಿನ ಎರಡು ಮೂರು ತಿಂಗಳಲ್ಲಿ ಆ ನಾಡಿನ ಲಿಪಿಯನ್ನಾದರೂ ಕಲಿಸಿ. ಹೋದ ಮೇಲೆ ವಾರಕ್ಕೊಮ್ಮೆ ಫೋನಿನಲ್ಲಿ ಊಟವಾಯಿತೇ ಎಂಬುದರ ಜೊತೆಗೆ, ಈ ವಾರ ಯಾವ ರೋಗಿಯೊಡನೆ ಏನು ಮಾತನಾಡಿದೆ ಎಂದು ಕೇಳಿ. ಉತ್ತರ ಬಾರದಿದ್ದರೆ ಬೈಯಬೇಡಿ, ಮುಂದಿನ ವಾರವೂ ಕೇಳಿ. ರಜೆಗೆ ಬಂದಾಗ ಹತ್ತಿರದ ಸರಕಾರಿ ಆಸ್ಪತ್ರೆಯ ವೈದ್ಯರ ಅನುಮತಿ ಪಡೆದು ಕೆಲವು ದಿನ ಅಲ್ಲಿ ಕುಳಿತು ಕನ್ನಡದ ಮಾತು ಕೇಳಿಸಿಕೊಳ್ಳಲಿ.

ಮಸೀದಿ ಮದ್ರಸಗಳಲ್ಲಿರುವ ನಮ್ಮಂಥವರೂ ದುಆದ ಬಳಿಕ ಇನ್ನೊಂದು ನಿಮಿಷ ವ್ಯಯಿಸಬೇಕು. ನಾವಂತೂ ಈ ವರ್ಷದಿಂದ ಬೀಳ್ಕೊಡುಗೆಗೆ ಬಂದ ಮಕ್ಕಳ ಕೈಗೆ ಒಂದು ನೋಟ್‌ಬುಕ್ ಇಡುತ್ತಿದ್ದೇವೆ.

ಆ ಹುಡುಗನ ವಿಷಯ ಹೇಳಿ ಮುಗಿಸುತ್ತೇವೆ. ತೌಬಾದ ಬಗ್ಗೆ ಕೇಳಿದವನಿಗೆ ನಾವು ಹೇಳಿದ್ದು, ಅಲ್ಲಾಹನ ಬಳಿ ಕ್ಷಮೆ ಬೇಡು, ಹಿಂದಿರುಗಿದ ಕೂಡಲೇ ಆ ಹಿರಿಯ ವೈದ್ಯರ ಬಳಿಗೆ ಹೋಗಿ ನೀರು ಕೊಟ್ಟವನು ನಾನೇ ಎಂದು ಒಪ್ಪಿಕೋ, ಮತ್ತು ಅವರ ಭಾಷೆ ಕಲಿ ಎಂದು. ಅವನು ಒಪ್ಪಿಕೊಂಡ. ವೈದ್ಯರು ಸ್ವಲ್ಪ ಹೊತ್ತು ಮೌನವಾಗಿದ್ದು, ಒಂದು ವಾಕ್ಯವನ್ನು ನಿಧಾನವಾಗಿ ಹೇಳಿ ಅವನಿಂದ ಮೂರು ಸಲ ಹೇಳಿಸಿದರಂತೆ. ಅದರ ಅರ್ಥ: ನನಗೆ ತಿಳಿಯಲಿಲ್ಲ, ದಯವಿಟ್ಟು ಇನ್ನೊಮ್ಮೆ ಹೇಳಿ. ಈಗ ಅವನ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಇರುವುದು ಆ ವಾಕ್ಯವೇ. ಆ ವೃದ್ಧೆಯ ಹಳ್ಳಿಯನ್ನು ಅವನು ಇನ್ನೂ ಹುಡುಕುತ್ತಿದ್ದಾನೆ.

ದೂರದ ನಾಡುಗಳಲ್ಲಿರುವ ನಮ್ಮ ಮಕ್ಕಳಿಗೆ ಅಲ್ಲಾಹನು ಉಪಯುಕ್ತವಾದ ಜ್ಞಾನವನ್ನೂ, ನೊಂದವರ ಮಾತನ್ನು ಕೇಳಿಸಿಕೊಳ್ಳುವ ಕಿವಿಯನ್ನೂ, ತಿಳಿಯಲಿಲ್ಲ ಎಂದು ಒಪ್ಪಿಕೊಳ್ಳುವ ಧೈರ್ಯವನ್ನೂ ಕರುಣಿಸಲಿ. ಆಮೀನ್.